ಉಮ್ಮತ್ತೂರು ಸೀಮೆಯ ಶಾಲೆಗಳಲ್ಲಿ ಆರೋಗ್ಯದ ಪಾಠ

ಶಾಲೆಯ ಮಕ್ಕಳಿಗೆ ಆರೋಗ್ಯವನ್ನು ಕಲಿಸುವ ಕೆಲಸಕ್ಕೆ ಹಳೆಯ ಮೈಸೂರು ಸೀಮೆಯಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ. ಅದರಲ್ಲಿ ಬಹುಕಾಲ ನಡೆದದ್ದು ಹೊರಗಿನವರು ಶಾಲೆಗೆ ಬಂದು ಹೋದ ಕತೆ. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವವರು ಬಂದರು, ಹೊಟ್ಟೆ ಮುಟ್ಟಿ ಜ್ವರಗೆಡ್ಡೆ ನೋಡುವವರು ಬಂದರು, ಹಾಲಿನ ಪುಡಿಯ ಮೂಟೆ ಬಂತು, ಮಾತ್ರೆಯ ಡಬ್ಬಿ ಬಂತು. ಮೇಷ್ಟರು ದಿನವೂ ಮಾಡುವ ಪಾಠದೊಳಕ್ಕೆ, ಲೆಕ್ಕಕ್ಕೆ, ಕನ್ನಡಕ್ಕೆ, ಊಟದ ಪಂಕ್ತಿಗೆ ಆರೋಗ್ಯ ಕಾಲಿಟ್ಟದ್ದು ತಡವಾಗಿ. ಹಾಗೆ ಕಾಲಿಟ್ಟಾಗಲೇ ಅದು ಮಕ್ಕಳಲ್ಲಿ ಉಳಿಯಿತು ಎಂಬುದಕ್ಕೆ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ ತಾಲ್ಲೂಕುಗಳ ಅನುಭವ ಸಾಕ್ಷಿ.

ಉಮ್ಮತ್ತೂರು ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿ. 15ನೆಯ ಶತಮಾನದ ಕೊನೆಯಲ್ಲಿ ಮತ್ತು 16ನೆಯ ಶತಮಾನದ ಆರಂಭದಲ್ಲಿ ಇದು ವಿಜಯನಗರಕ್ಕೇ ಎದುರು ನಿಂತ ಪಾಳೆಯಗಾರರ ನೆಲೆಯಾಗಿತ್ತು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲಿ ಮಾಡಿದ ದಂಡಯಾತ್ರೆಗಳಲ್ಲಿ ಒಂದು ಉಮ್ಮತ್ತೂರಿನ ಗಂಗರಾಜನ ಮೇಲೆ. ಶಿವನಸಮುದ್ರದಲ್ಲಿ ಆ ಮನೆತನದ ಬಲ ಮುರಿಯಿತು. ಆಮೇಲೆ ಸೀಮೆ ಮೈಸೂರು ಒಡೆಯರ ಕೈಸೇರಿತು. ಪಕ್ಕದ ಅರಿಕುಠಾರ ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು. 1818ರಲ್ಲಿ ಅದಕ್ಕೆ ಚಾಮರಾಜನಗರ ಎಂಬ ಹೆಸರು ಬಂತು. ಮಳೆಯನ್ನು ನೆಚ್ಚಿದ ಹೊಲ, ರಾಗಿ, ಜೋಳ, ಹುರುಳಿ, ಹಿಪ್ಪುನೇರಳೆ, ಅರಿಸಿನ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ದಕ್ಷಿಣಕ್ಕೆ ಬಂಡೀಪುರದ ಕಾಡು. ಬರ, ಚಳಿಜ್ವರ, ಸಿಡುಬು ಮೂರೂ ಈ ಸೀಮೆಗೆ ಹೊಸವಲ್ಲ.

ಇಂಗ್ಲಿಷರ ಮಾದರಿಯ ಶಾಲೆಗಳು ಬರುವ ಮುನ್ನ ಹಳ್ಳಿಗಳಲ್ಲಿದ್ದದ್ದು ಕೂಲಿಮಠಗಳು. ಜಗಲಿಯ ಮೇಲೋ ಗುಡಿಯ ಅಂಗಳದಲ್ಲೋ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು, ಅಮರಕೋಶ ಬಾಯಿಪಾಠ ಮಾಡಿಸುತ್ತಿದ್ದರು. ಮೈಯ ಆರೈಕೆ ಅಲ್ಲಿ ಕಲಿಸುವ ವಿಷಯವಾಗಿರಲಿಲ್ಲ. ಅದು ಮನೆಯದು, ಅಜ್ಜಿಯದು: ಬೇವಿನ ಕಡ್ಡಿ, ಹರಳೆಣ್ಣೆ, ಸೀಗೆಪುಡಿ, ಬಾಣಂತಿಯ ಕಷಾಯ. ಸಿಡುಬು ಬಂದರೆ ಅದು ಮಾರಮ್ಮನ ವಿಷಯ. ಮನೆಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ತಾಯಿ ಇಳಿದು ಹೋಗಲೆಂದು ಕಾಯುತ್ತಿದ್ದರು. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ರೋಗಿಯನ್ನು ಬೇರೆಯಾಗಿ ಮಲಗಿಸುವ, ಮನೆಯೊಳಗೆ ಹೊರಗಿನವರನ್ನು ಬಿಡದ ಒಂದು ಶಿಸ್ತು ಆ ಆಚರಣೆಯಲ್ಲಿತ್ತು. ಮುಂದೆ ಬಂದ ಆರೋಗ್ಯಪಾಠ ಆ ಶಿಸ್ತಿನಿಂದ ಶುರು ಮಾಡುವ ಬದಲು ಅದನ್ನು ಬೈದು ಶುರು ಮಾಡಿತು. ಹಳ್ಳಿಗೂ ಶಾಲೆಗೂ ನಡುವೆ ಮೊದಲ ಬಿರುಕು ಬಿಟ್ಟದ್ದು ಅಲ್ಲಿ.

ಸಿಡುಬಿಗೆ ದೇವಿ ಹಾಕುವ, ಅಂದರೆ ಲಸಿಕೆ ಹಾಕುವ, ಪದ್ಧತಿ ಮೈಸೂರಿಗೆ ಬಂದದ್ದು ಅರಮನೆಯ ಮೂಲಕ. ಜೆನ್ನರನ ಲಸಿಕೆ 1802ರಲ್ಲಿ ಮುಂಬಯಿ ತಲುಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬ ತರುಣಿ ಸೆರಗು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಾಳೆ. ಆಕೆ ಮುಮ್ಮಡಿಯವರ ಪತ್ನಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ, ಪ್ರಜೆಗಳಲ್ಲಿ ಧೈರ್ಯ ತುಂಬಲು ಬರೆಸಿದ ಚಿತ್ರವಿದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ವಾದ ನಿಜವಾದರೆ, ಈ ರಾಜ್ಯದ ಆರೋಗ್ಯ ಪ್ರಚಾರದ ಮೊದಲ ಚಿತ್ರ ಅದೇ. ಅರಮನೆಯಿಂದ ಹಳ್ಳಿಗೆ ಲಸಿಕೆ ಇಳಿಯಲು ಹಲವು ದಶಕಗಳೇ ಹಿಡಿದವು.

ಹಳ್ಳಿಯ ಮಕ್ಕಳು ಒಂದೆಡೆ ಸಿಗುವಂತಾದದ್ದು ಶಾಲೆಗಳಿಂದ. ಮೈಸೂರಿನ ಶಿಕ್ಷಣಾಧಿಕಾರಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ರೂಪಿಸಿದರು. ಹೋಬಳಿಗೊಂದು ಶಾಲೆ, ಅದಕ್ಕೆ ಸರ್ಕಾರದಿಂದ ತರಬೇತಾದ ಮೇಷ್ಟರು. ಓದು, ಬರಹ, ಲೆಕ್ಕ, ಜಮೀನಿನ ಅಳತೆ ಅಲ್ಲಿನ ಪಾಠ. ಯೋಜನೆ ಬೇರೂರುವ ಮೊದಲೇ 1876–78ರ ಬರ ಬಂದು ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಪಾಲು ಜನರನ್ನು ಬಲಿ ತೆಗೆದುಕೊಂಡಿತು. 1898ರಲ್ಲಿ ಪ್ಲೇಗು ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ ಬಂತು. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಳ್ಳಿಗಳ ರೂಢಿಯಾಯಿತು. ಊರು ಖಾಲಿಯಾದ ಮೇಲೆ ಶಾಲೆಯೂ ಮುಚ್ಚುತ್ತಿತ್ತು. ಇಲಿಗೂ ಪ್ಲೇಗಿಗೂ ಇರುವ ಸಂಬಂಧವನ್ನು ಜನ ಕಣ್ಣಾರೆ ಕಂಡು ಅರಿತರು, ಪುಸ್ತಕದಿಂದಲ್ಲ. ಹಾಗೆ ಅರಿತದ್ದಕ್ಕೆ ಶಾಲೆಯಲ್ಲಿ ವಿವರಣೆ ಕೊಡುವವರು ಆಗ ವಿರಳ.

1913 ಎರಡು ಕಾರಣಗಳಿಗೆ ಮುಖ್ಯವಾದ ವರ್ಷ. ಮೈಸೂರು ಸಂಸ್ಥಾನದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, ಆಯ್ದ ಸ್ಥಳಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯಿದೆ ಬಂತು. ಅದೇ ವರ್ಷ ಭಾರತ ಸರ್ಕಾರದ ಶಿಕ್ಷಣ ನೀತಿಯ ನಿರ್ಣಯ ಶಾಲೆಗಳ ನೈರ್ಮಲ್ಯದ ವಿಷಯವನ್ನು ಪ್ರತ್ಯೇಕವಾಗಿ ಎತ್ತಿತು. ಮಕ್ಕಳನ್ನು ಶಾಲೆಗೆ ಬರಲೇಬೇಕೆಂದು ಕರೆಸಿದ ಮೇಲೆ ಅವರ ಮೈಯ ಹೊಣೆಯೂ ಸರ್ಕಾರದ್ದಾಗುತ್ತದೆ ಎಂಬ ತರ್ಕ ಆಗಲೇ ಬೇರೆಡೆ ಗಟ್ಟಿಯಾಗಿತ್ತು. ಇಂಗ್ಲೆಂಡಿನಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ 1907ರಲ್ಲಿ ಕಾನೂನಾಯಿತು; ಭಾರತದಲ್ಲಿ ಅಂಥ ತಪಾಸಣೆ ಮೊದಲು ನಡೆದದ್ದು 1909ರಲ್ಲಿ ಬರೋಡಾ ನಗರದಲ್ಲಿ. ಕನ್ನಡದಲ್ಲಿ ವಿಜ್ಞಾನವನ್ನು ಹೇಳಬಹುದು ಎಂಬುದನ್ನು ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಹೊರಟ ‘ವಿಜ್ಞಾನ’ ಪತ್ರಿಕೆಯಲ್ಲಿ ತೋರಿಸಿದರು. ಶರೀರ, ಆಹಾರ, ಸೂಕ್ಷ್ಮಜೀವಿ ಇವುಗಳ ಬಗ್ಗೆ ಮೇಷ್ಟರು ಕನ್ನಡದಲ್ಲಿ ಮಾತಾಡಲು ಬೇಕಾದ ಭಾಷೆ ಅಂಥ ಪ್ರಯತ್ನಗಳಿಂದ ಸಿದ್ಧವಾಯಿತು.

ಆದರೆ ಆ ಕಾಲದ ಶಾಲೆಯೊಳಗೆ ಆರೋಗ್ಯಪಾಠಕ್ಕೆ ಎದುರಾಗಿ ನಿಂತ ಒಂದು ಸಂಗತಿಯಿತ್ತು, ಅದು ನೀರಿನ ಮಡಕೆ. ಸಾರ್ವಜನಿಕ ಶಾಲೆಗಳಿಗೆ ಪಂಚಮರ, ಅಂದರೆ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜಾತಿಗಳ, ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಮೈಸೂರು ಸರ್ಕಾರ 1910ರ ದಶಕದಲ್ಲಿ ನಿಲುವು ತಳೆದಾಗ ಮೇಲ್ಜಾತಿಗಳಿಂದ ಜೋರಾದ ವಿರೋಧ ಬಂತು. ಒಳಗೆ ಸೇರಿದ ಮೇಲೂ ಕೂರುವ ಜಾಗ ಬೇರೆ, ಕುಡಿಯುವ ನೀರು ಬೇರೆ. ಚಾಮರಾಜನಗರ ಜಿಲ್ಲೆಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಜನ ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಇಲ್ಲಿ ಇದು ಅಂಚಿನ ಪ್ರಶ್ನೆಯಲ್ಲ. ಶುದ್ಧ ನೀರು ಕುಡಿಯಿರಿ ಎಂದು ಪುಸ್ತಕ ಹೇಳುವಾಗ, ಅದೇ ಕೋಣೆಯಲ್ಲಿ ಒಬ್ಬ ಹುಡುಗ ಬೊಗಸೆಯೊಡ್ಡಿ ಇನ್ನೊಬ್ಬರು ಎತ್ತಿ ಹೊಯ್ಯುವ ನೀರಿಗೆ ಕಾಯಬೇಕಾದರೆ, ಅವನು ಕಲಿಯುವ ಪಾಠ ಪುಸ್ತಕದ್ದಲ್ಲ. ಆರೋಗ್ಯವನ್ನು ದಿನದ ಕಲಿಕೆಗೆ ಸೇರಿಸುವ ಯಾವ ಯೋಜನೆಯೂ ಈ ಮಡಕೆಯನ್ನು ಬದಲಿಸದೆ ಮುಂದೆ ಹೋಗುವಂತಿರಲಿಲ್ಲ.

1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ವಜನಿಕ ಆರೋಗ್ಯದ ಇಲಾಖೆಯನ್ನು ಹೊಸದಾಗಿ ಕಟ್ಟಿತು. ಕೊಕ್ಕೆಹುಳುವಿನ ಸಮೀಕ್ಷೆ ನಡೆಯಿತು. ಚಳಿಜ್ವರದ ಅಧ್ಯಯನಕ್ಕೆ ಮೈಸೂರಿನ ಹತ್ತಿರದ ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಕೇಂದ್ರಗಳು ಶುರುವಾದವು. ಮಂಡ್ಯದಲ್ಲಿ ಮೊದಲು, ಆಮೇಲೆ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ಈಗಿನ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ಘಟಕಗಳು ಬಂದವು. ಇಂಥ ಘಟಕಗಳ ಕೆಲಸದಲ್ಲಿ ಶಾಲೆಗೆ ದೊಡ್ಡ ಪಾಲಿತ್ತು. ಒಂದು ಊರಿನಲ್ಲಿ ಚಳಿಜ್ವರ ಎಷ್ಟಿದೆ ಎಂದು ತಿಳಿಯಲು ಮಕ್ಕಳ ಹೊಟ್ಟೆಯ ಎಡಭಾಗ ಒತ್ತಿ, ಎಷ್ಟು ಜನರಿಗೆ ಜ್ವರಗೆಡ್ಡೆ, ಅಂದರೆ ಗುಲ್ಮ, ಬೆಳೆದಿದೆ ಎಂದು ಎಣಿಸುವುದು ಆಗಿನ ಖಚಿತ ವಿಧಾನ. ಅದಕ್ಕೆ ಶಾಲೆಗಿಂತ ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ಮಕ್ಕಳು ಸಾಲಾಗಿ ನಿಂತರು, ಎಣಿಕೆ ಆಯಿತು, ಅಂಕಿಗಳು ಬೆಂಗಳೂರಿಗೆ ಹೋದವು. ಆ ಅಂಕಿಯನ್ನೇ ಮರುದಿನ ಲೆಕ್ಕದ ಪಾಠಕ್ಕೆ ತಂದು, ನಮ್ಮ ತರಗತಿಯಲ್ಲಿ ನೂರಕ್ಕೆ ಎಷ್ಟು ಎಂದು ಮಕ್ಕಳಿಂದಲೇ ಹೇಳಿಸಬಹುದಿತ್ತು. ಸೊಳ್ಳೆ ಮೊಟ್ಟೆಯಿಡುವ ಹಳ್ಳ ಯಾವುದೆಂದು ಅವರಿಂದಲೇ ಹುಡುಕಿಸಬಹುದಿತ್ತು. ವಿಜ್ಞಾನ ಅಷ್ಟು ಹತ್ತಿರ ಬಂದಿದ್ದರೂ ಪಾಠವಾಗದೆ ಹೊರಟುಹೋಯಿತು.

ಅದೇ ವರ್ಷಗಳಲ್ಲಿ ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ನೀಲಗಿರಿಯ ಕೂನೂರಿನಲ್ಲಿ ಭಾರತದ ಪೋಷಣಾ ವಿಜ್ಞಾನ ಹುಟ್ಟುತ್ತಿತ್ತು. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಆರಂಭಿಸಿದ ಸಣ್ಣ ಪ್ರಯೋಗಶಾಲೆ ಡಬ್ಲ್ಯು. ಆರ್. ಐಕ್ರಾಯ್ಡ್ ಅವರ ಕಾಲದಲ್ಲಿ ದೊಡ್ಡ ಸಂಸ್ಥೆಯಾಯಿತು. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು. ಐಕ್ರಾಯ್ಡ್ ಮತ್ತು ಕೃಷ್ಣನ್ 1930ರ ದಶಕದಲ್ಲಿ ವಿದ್ಯಾರ್ಥಿನಿಲಯದ ಮಕ್ಕಳಿಗೆ ಕೆನೆ ತೆಗೆದ ಹಾಲಿನ ಪುಡಿ ಕೊಟ್ಟು ಎತ್ತರ, ತೂಕ ಅಳೆದು, ಬಡವರ ಅನ್ನದೂಟಕ್ಕೆ ಸ್ವಲ್ಪ ಹಾಲು ಸೇರಿದರೂ ಮಕ್ಕಳ ಬೆಳವಣಿಗೆ ಸುಧಾರಿಸುತ್ತದೆ ಎಂದು ತೋರಿಸಿದರು. ರಾಗಿಯಲ್ಲಿ ಸುಣ್ಣದಂಶ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚೆಂಬುದನ್ನು ಕೂನೂರಿನ ಆಹಾರ ಕೋಷ್ಟಕಗಳು ಅಂಕಿಗಳಲ್ಲಿ ಹೇಳಿದವು. ಹಾಲು ಮತ್ತು ರಾಗಿ ಒಟ್ಟಿಗೆ ಶಾಲೆಯ ಲೋಟಕ್ಕೆ ಬರಲು ಮಾತ್ರ ಮುಂದೆ 80 ವರ್ಷಕ್ಕೂ ಹೆಚ್ಚು ಬೇಕಾಯಿತು.

ಕೊಳ್ಳೇಗಾಲದ ಶಾಲೆಗಳ ಕತೆ ಬೇರೆ. ಆ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಭಾಷೆ ಕನ್ನಡ, ಇನ್‌ಸ್ಪೆಕ್ಟರು ಮದರಾಸಿನವರು. ಇಂದಿನ ಜಿಲ್ಲೆಯ ಎರಡು ಭಾಗಗಳು ಎರಡು ಆಡಳಿತಗಳ ಶಾಲೆಗಳಲ್ಲಿ ಬೆಳೆದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರಿದಾಗ ಎರಡೂ ಒಂದೇ ಕಚೇರಿಯ ಕೆಳಗೆ ಬಂದವು; 1997ರಲ್ಲಿ ಎರಡೂ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆ ಆದವು.

ದಿನದ ಕಲಿಕೆಯೊಳಗೆ ಆರೋಗ್ಯ ಇರಬೇಕು ಎಂಬ ಮಾತನ್ನು ಭಾರತದಲ್ಲಿ ಮೊದಲು ಸ್ಪಷ್ಟವಾಗಿ ಕಟ್ಟಿಕೊಟ್ಟದ್ದು 1937ರ ವಾರ್ಧಾ ಶಿಕ್ಷಣ ಯೋಜನೆ. ಗಾಂಧೀಜಿಯವರ ಮೂಲ ಶಿಕ್ಷಣದಲ್ಲಿ ಮಕ್ಕಳು ಶಾಲೆಯ ಅಂಗಳ ಗುಡಿಸುವುದು, ನೀರು ತುಂಬಿಸುವುದು, ಅಡುಗೆಗೆ ನೆರವಾಗುವುದು ಪಾಠದ ಆಚೆಯ ಕೆಲಸಗಳಲ್ಲ; ಅವೇ ಪಾಠ. ಜಾಕಿರ್ ಹುಸೇನ್ ಸಮಿತಿಯ ಪಠ್ಯಕ್ರಮ ಶರೀರಶಾಸ್ತ್ರವನ್ನೂ ನೈರ್ಮಲ್ಯವನ್ನೂ ಸಾಮಾನ್ಯ ವಿಜ್ಞಾನದೊಳಗೆ ಇಟ್ಟಿತು. ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ 1947ರಲ್ಲಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠ ತೆರೆದದ್ದು ಇದಕ್ಕೆ ಹತ್ತಿರದ ಪ್ರಯತ್ನ. ಡೆನ್ಮಾರ್ಕಿನ ಜನಶಾಲೆಗಳ ಮಾದರಿಯಲ್ಲಿ ಬೇಸಾಯ, ಸಹಕಾರ, ಊರಿನ ನೈರ್ಮಲ್ಯ ಎಲ್ಲವನ್ನೂ ಒಟ್ಟಿಗೆ ಬದುಕಿ ಕಲಿಯುವ ವ್ಯವಸ್ಥೆ ಅದು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಂಜನಗೂಡು ನೆರೆಯ ಪಟ್ಟಣ.

ಸರ್ಕಾರದ ಮಟ್ಟದಲ್ಲಿ ವರದಿಗಳು ಒಂದರ ಹಿಂದೆ ಒಂದು ಬಂದವು. ಶಾಲಾ ಆರೋಗ್ಯ ಸೇವೆ ದೇಶದಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ ಎಂದು 1946ರಲ್ಲಿ ಭೋರ್ ಸಮಿತಿ ಹೇಳಿತು. 1953ರಲ್ಲಿ ಮುದಲಿಯಾರ್ ಆಯೋಗ ಮಕ್ಕಳ ತಪಾಸಣೆಗೂ ಶಾಲೆಯ ಊಟಕ್ಕೂ ಒತ್ತು ಕೊಟ್ಟಿತು. 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿಯೇ ನೇಮಕವಾಯಿತು. ಹಳ್ಳಿಯ ಶಾಲೆಗೆ ಮುಟ್ಟಿದ್ದು ಇವುಗಳಲ್ಲಿ ಸ್ವಲ್ಪ: ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಉಗುರು, ತಲೆ, ಹಲ್ಲು ನೋಡುವ ಪದ್ಧತಿ, ಸೇವಾದಳದ ಕವಾಯತು, ಶಾಲಾ ಮಂತ್ರಿಮಂಡಲದಲ್ಲಿ ಒಬ್ಬ ಆರೋಗ್ಯ ಮಂತ್ರಿ, ವಿಜ್ಞಾನದ ಪುಸ್ತಕದಲ್ಲಿ ರೋಗಗಳ ಪಟ್ಟಿ. ಮಲೇರಿಯಾ ಹರಡುವ ಸೊಳ್ಳೆ ಯಾವುದು ಎಂಬ ಪ್ರಶ್ನೆಗೆ ‘ಅನಾಫಿಲಿಸ್’ ಎಂದು ಬರೆದ ಹುಡುಗನಿಗೆ ಪೂರ್ತಿ ಅಂಕ. ಅವನ ಮನೆಯ ಹಿಂದಿನ ಕಲ್ಲುಬಾನಿಯಲ್ಲಿ ಅದರ ಮರಿಗಳು ಆಡುತ್ತಿರುವುದು ಪರೀಕ್ಷೆಗೆ ಬರುತ್ತಿರಲಿಲ್ಲ.

1960ರ ದಶಕದಿಂದ ‘ಕೇರ್’ ಸಂಸ್ಥೆಯ ಮೂಲಕ ಅಮೆರಿಕದ ಗೋಧಿನುಚ್ಚು, ಹಾಲಿನ ಪುಡಿ, ಎಣ್ಣೆ ಕರ್ನಾಟಕದ ಶಾಲೆಗಳಿಗೆ ಬಂದವು. ಕೆಂಪು ಗೋಧಿ ಉಪ್ಪಿಟ್ಟಿನ ರುಚಿ ಆ ತಲೆಮಾರಿನ ನೆನಪಿನಲ್ಲಿ ಇಂದಿಗೂ ಇದೆ. ಹಸಿದ ಮಕ್ಕಳಿಗೆ ಅದು ಆಸರೆಯಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಮೂಟೆ ಎಲ್ಲಿಂದ ಬಂತು, ನಮ್ಮ ಹೊಲದ ರಾಗಿಯಲ್ಲಿ ಏನಿದೆ ಎಂಬ ಮಾತು ಪಾಠಕ್ಕೆ ಬಂದದ್ದು ಕಡಿಮೆ.

ಮಕ್ಕಳನ್ನು ಬರೀ ಲಸಿಕೆ ಹಾಕಿಸಿಕೊಳ್ಳುವವರೆಂದು ಕಾಣದೆ ಕೆಲಸದ ಪಾಲುದಾರರೆಂದು ಕಂಡ ಮೊದಲ ದೊಡ್ಡ ಸಂದರ್ಭ ಸಿಡುಬಿನ ನಿರ್ಮೂಲನೆ. 1970ರ ದಶಕದ ಹುಡುಕಾಟದಲ್ಲಿ ಆರೋಗ್ಯ ಕಾರ್ಯಕರ್ತರು ಶಾಲೆಗಳಿಗೆ ಹೋಗಿ, ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು ತೋರಿಸಿ, ಇಂಥದ್ದನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಕೇಳುತ್ತಿದ್ದರು. ಊರಿನ ಮೂಲೆಮೂಲೆ ಗೊತ್ತಿದ್ದದ್ದು ಮಕ್ಕಳಿಗೇ. ಭಾರತದ ಕೊನೆಯ ಸಿಡುಬಿನ ಪ್ರಕರಣ 1975ರ ಮೇ ತಿಂಗಳಲ್ಲಿ ವರದಿಯಾಯಿತು. ಮಕ್ಕಳೇ ಮಕ್ಕಳಿಗೆ ಮತ್ತು ಮನೆಗೆ ಆರೋಗ್ಯ ಕಲಿಸಬಲ್ಲರು ಎಂಬ ಚಿಂತನೆ ಡೇವಿಡ್ ಮಾರ್ಲೆ ಅವರ ಪ್ರೇರಣೆಯಿಂದ ಜಗತ್ತಿನಲ್ಲಿ ಹರಡಿದ್ದು ಅದರ ಬೆನ್ನಿಗೇ, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸುಮಾರಿಗೆ. 1986ರ ಒಟ್ಟಾವ ಸನ್ನದು ಆರೋಗ್ಯವನ್ನು ಜನ ಬದುಕುವ, ಕಲಿಯುವ, ದುಡಿಯುವ ಜಾಗಗಳಲ್ಲೇ ಕಟ್ಟಬೇಕೆಂದಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಾಲೆಗಳಿಗೆ ಅನ್ವಯಿಸಿ ಜಾಗತಿಕ ಕಾರ್ಯಕ್ರಮ ಆರಂಭಿಸಿತು.

ಈ ಚಿಂತನೆ ಉಮ್ಮತ್ತೂರಿನ ಆಸುಪಾಸಿನಲ್ಲಿ ಮೈದಳೆದದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಅವರು ಹೋದದ್ದು ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರಿಗೆ ವೈದ್ಯಕೀಯ ನೆರವು ಕೊಡಲು. ಹಾವು ಕಡಿತ, ಕರಡಿ ದಾಳಿಯ ಗಾಯ, ಅಪೌಷ್ಟಿಕತೆ, ಕುಡಗೋಲು ಕಣ ರೋಗ ಇವುಗಳ ಜೊತೆ ಗುದ್ದಾಡುವಾಗ, ಆಸ್ಪತ್ರೆಯಷ್ಟೇ ಇದ್ದರೆ ಸಾಲದು ಎಂಬುದು ಬೇಗನೆ ಖಚಿತವಾಯಿತು. ಆಸ್ಪತ್ರೆಯ ಪಕ್ಕದಲ್ಲೇ ಶಾಲೆ ಬೆಳೆಯಿತು. ಆ ಶಾಲೆಯಲ್ಲಿ ಸೋಲಿಗರ ಕಾಡಿನ ಅರಿವಿಗೆ, ಬೇರು, ಗೆಡ್ಡೆ, ಸೊಪ್ಪು, ಜೇನುಗಳ ತಿಳಿವಳಿಕೆಗೆ, ಹಾಡು ಕುಣಿತಗಳಿಗೆ ಪಾಠದಲ್ಲಿ ಜಾಗ ಸಿಕ್ಕಿತು. ಇದು ಮೊದಲಿನ ಆರೋಗ್ಯಪಾಠಗಳಿಗಿಂತ ಮೂಲದಲ್ಲೇ ಬೇರೆ. ಮನೆಯ ತಿಳಿವಳಿಕೆಯನ್ನು ಅಳಿಸಿ ಬರೆಯುವ ಬದಲು ಅದರ ಪಕ್ಕದಲ್ಲಿ ಬರೆಯುವ ದಾರಿ. ಕುಡಗೋಲು ಕಣ ರೋಗ ತಂದೆ ತಾಯಿಯರಿಬ್ಬರಿಂದಲೂ ಬರುವ ರೋಗ; ಅನುವಂಶೀಯತೆಯ ಪಾಠ ಬೇರೆಡೆಯ ಮಕ್ಕಳಿಗೆ ಬಟಾಣಿ ಗಿಡದ ಚಿತ್ರವಾದರೆ, ಪೋಡಿನ, ಅಂದರೆ ಸೋಲಿಗರ ಹಾಡಿಯ, ಮಗುವಿಗೆ ತನ್ನ ಅಣ್ಣನ ಕೀಲುನೋವಿಗೆ ಸಿಗುವ ವಿವರಣೆ. 1994ರಲ್ಲಿ ಸುದರ್ಶನ್ ಅವರಿಗೂ ಕೇಂದ್ರಕ್ಕೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಬೆಟ್ಟದ ಕೆಳಗೆ, ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ವಿಪರೀತವಾಗಿತ್ತು. 1980ರ ದಶಕದಲ್ಲಿ ಅಲ್ಲಿ ಸಾವಿರಕ್ಕೆ 20ಕ್ಕೂ ಹೆಚ್ಚು ಜನರಲ್ಲಿ ಆ ರೋಗವಿತ್ತು. ಅದನ್ನು ಎದುರಿಸಲೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಮುಂದೆ 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಅದು ಸರ್ಕಾರದಿಂದ ನಡೆಸಲು ವಹಿಸಿಕೊಂಡಿತು. ಕುಷ್ಠದ ವಿಷಯದಲ್ಲಿ ಔಷಧಕ್ಕಿಂತ ದೊಡ್ಡ ತೊಡಕು ಮರೆಮಾಚುವಿಕೆ. ಮೈಮೇಲೆ ತಿಳಿ ಬಣ್ಣದ ಮಚ್ಚೆ, ಅಲ್ಲಿ ಮುಟ್ಟಿದರೆ ತಿಳಿಯದು. ಇಷ್ಟನ್ನು ಬೇಗ ಗುರುತಿಸಿದರೆ ಕೈಕಾಲು ಊನವಾಗದಂತೆ ಗುಣಪಡಿಸಬಹುದು. ಇದನ್ನು ಗುರುತಿಸಲು ವೈದ್ಯರೇ ಬೇಕಿಲ್ಲ, ಕಲಿತ ಮಗುವಿಗೂ ಸಾಧ್ಯ. ಶಾಲೆಗಳಲ್ಲಿ ಮಚ್ಚೆ ಹುಡುಕುವ ತಪಾಸಣೆ ಕುಷ್ಠ ನಿಯಂತ್ರಣದ ಮುಖ್ಯ ಭಾಗವಾದದ್ದು ಇದೇ ಕಾರಣಕ್ಕೆ. ಬಹುಔಷಧ ಚಿಕಿತ್ಸೆಯೂ ತಿಳಿವಳಿಕೆಯೂ ಒಟ್ಟು ಸೇರಿ ಎರಡು ದಶಕಗಳಲ್ಲಿ ಯಳಂದೂರಿನ ಕುಷ್ಠದ ಪ್ರಮಾಣ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಪಾಠದ ರೀತಿಯೇ ಬದಲಾಗದೆ ಆರೋಗ್ಯ ಅದರೊಳಗೆ ಕೂರುವುದಿಲ್ಲ. ಆ ಬದಲಾವಣೆಯೂ ಇದೇ ನೆರೆಯಲ್ಲಿ ಶುರುವಾಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಾಲೆಗಳ ಮಾದರಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಆರಂಭಿಸಿದರು. ಪುಸ್ತಕದ ಬದಲು ಕಾರ್ಡುಗಳು, ಏಣಿಯಂತೆ ಜೋಡಿಸಿದ ಕಲಿಕೆಯ ಹಂತಗಳು, ಗುಂಪಿನಲ್ಲಿ ಕೆಲಸ. ಪರಿಸರ, ಮನೆ, ಆಹಾರ, ಸ್ವಚ್ಛತೆ ಎಲ್ಲ ಭಾಷೆಯ ಕಲಿಕೆಯೊಂದಿಗೇ ಬೆಸೆದುಕೊಂಡವು. 2009ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು.

ಇಷ್ಟಾದರೂ, ಶಾಲೆಯ ದಿನಚರಿಯೊಳಕ್ಕೆ ಆರೋಗ್ಯವನ್ನು ಎಲ್ಲಕ್ಕಿಂತ ಬಲವಾಗಿ ತಂದದ್ದು ಬಿಸಿಯೂಟ. 1995ರಿಂದ ಮಕ್ಕಳಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಮನೆಗೆ ಹೋಗುತ್ತಿತ್ತು. ಅದು ಮನೆಯ ಪಾತ್ರೆಯಲ್ಲಿ ಕರಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಚಾಮರಾಜನಗರವೂ ಸೇರಿದಂತೆ ಉಳಿದೆಡೆಗೆ ಬಂತು. ಊಟಕ್ಕೆ ಮುಂಚೆ ಕೈ ತೊಳೆಯುವುದು ಪುಸ್ತಕದ ವಾಕ್ಯವಾಗಿ ಉಳಿಯದೆ, ನಲ್ಲಿಯ ಮುಂದೆ ದಿನವೂ ನಿಲ್ಲುವ ಸಾಲಾಯಿತು. ತಟ್ಟೆ ತೊಳೆಯುವುದು, ನೀರು ಸೋಸುವುದು, ಸೊಪ್ಪು ಬಿಡಿಸುವುದು, ಕೈತೋಟದ ನುಗ್ಗೆ ಸಾರಿಗೆ ಬೀಳುವುದು ಎಲ್ಲವೂ ಮಕ್ಕಳ ಕಣ್ಣೆದುರು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, 2022ರಿಂದ ರಾಜ್ಯದೆಲ್ಲೆಡೆ ಮೊಟ್ಟೆ ಅಥವಾ ಬಾಳೆಹಣ್ಣು, 2024ರ ಫೆಬ್ರವರಿಯಿಂದ ರಾಗಿ ಮಾಲ್ಟ್ ಸೇರಿಕೊಂಡವು. ಕೂನೂರಿನವರು ಹೇಳಿದ್ದ ಹಾಲು, ರಾಗಿ ಎರಡೂ ಕೊನೆಗೆ ಒಂದೇ ಲೋಟದಲ್ಲಿ ಬಂದವು.

ಹಳೆಯ ಮಡಕೆಯ ಪ್ರಶ್ನೆಗೂ ಬಿಸಿಯೂಟ ಮುಖಾಮುಖಿಯಾಯಿತು. ಪರಿಶಿಷ್ಟ ಜಾತಿಯ ಹೆಂಗಸು ಅಡುಗೆ ಮಾಡಿದರೆ ಮಕ್ಕಳನ್ನು ಉಣ್ಣಲು ಬಿಡದ ಪ್ರಸಂಗಗಳು ರಾಜ್ಯದ ಹಲವೆಡೆ ನಡೆದಿವೆ. ಅಂಥ ದಿನ ಮುಖ್ಯಶಿಕ್ಷಕರು ಮೊದಲ ಪಂಕ್ತಿಯಲ್ಲೇ ತಟ್ಟೆ ಹಿಡಿದು ಕುಳಿತರೆ, ಅದು ಶಾಲೆ ಕಲಿಸಬಹುದಾದ ಅತಿ ದೊಡ್ಡ ಆರೋಗ್ಯಪಾಠ. ಅದನ್ನು ಯಾವ ಸುತ್ತೋಲೆಯೂ ಮಾಡಿಸಲಾರದು.

ಮಾತ್ರೆಯ ಡಬ್ಬಿಯೂ ನಿಂತಿಲ್ಲ. ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ 2012ರಿಂದ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ. ಜಂತುಹುಳುವಿಗೆ ಅಲ್ಬೆಂಡಜೋಲ್ ನುಂಗಿಸುವ ದಿನ 2015ರಿಂದ. ಎಲ್ಲವೂ ಬೇಕಾದವೇ. ಆದರೆ ಮಾತ್ರೆ ಏಕೆಂದು ತಿಳಿಯದ ಹುಡುಗಿ ಹೊಟ್ಟೆ ತೊಳಸಿದರೆ ಅದನ್ನು ಕಿಟಕಿಯಾಚೆ ಎಸೆಯುತ್ತಾಳೆ. ರಕ್ತ ಕೆಂಪಾಗಿರುವುದಕ್ಕೆ ಕಾರಣವೇನು, ಊಟವಾದ ಮೇಲೆ ಮಾತ್ರೆ ನುಂಗಬೇಕು ಏಕೆ, ಚಹಾದ ಜೊತೆ ಬೇಡ ಏಕೆ ಎಂದು ವಿಜ್ಞಾನದ ಮೇಷ್ಟರು ಅದೇ ವಾರ ಹತ್ತು ನಿಮಿಷ ಹೇಳಿದರೆ ಮಾತ್ರೆ ಹೊಟ್ಟೆ ಸೇರುತ್ತದೆ.

ಹದಿಹರೆಯದ ವಿಷಯದಲ್ಲಿ ಶಾಲೆ ಹೆಚ್ಚು ಮುಗ್ಗರಿಸಿತು. 2007ರಲ್ಲಿ ಹದಿಹರೆಯ ಶಿಕ್ಷಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಹಲವು ರಾಜ್ಯಗಳು ತಡೆಹಿಡಿದವು, ಕರ್ನಾಟಕವೂ ಅವುಗಳಲ್ಲೊಂದು. 2011ರ ಜನಗಣತಿಯಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಸುಮಾರು ಶೇಕಡಾ 55ರಷ್ಟೇ ಇದ್ದ, ಬೇಗ ಮದುವೆ ಮಾಡಿಕೊಡುವ ರೂಢಿ ಬಿಡದ ಇಂಥ ಜಿಲ್ಲೆಗೆ ಆ ಮೌನ ದುಬಾರಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರು ಇನ್ನೊಂದು ದಾರಿ ಹಿಡಿದಿದ್ದರು: ಶಿಕ್ಷಕರನ್ನೇ ತರಬೇತುಗೊಳಿಸಿ, ಭಾವನೆ, ಗೆಳೆತನ, ದುಶ್ಚಟ, ದೇಹದ ಬದಲಾವಣೆಗಳನ್ನು ಜೀವನ ಕೌಶಲಗಳ ಚಟುವಟಿಕೆಯಾಗಿ ತರಗತಿಯಲ್ಲೇ ಮಾಡಿಸುವುದು. ‘ಶುಚಿ’ ಯೋಜನೆ 2013ರ ಸುಮಾರಿಗೆ ಶಾಲೆಗಳಿಗೆ ಸ್ಯಾನಿಟರಿ ಪ್ಯಾಡ್ ತಂದಿತು. 2022ರಲ್ಲಿ ರಾಜ್ಯ ಸರ್ಕಾರ ಮುಟ್ಟಿನ ಕಪ್ ವಿತರಿಸುವ ‘ಮೈತ್ರಿ’ ಯೋಜನೆಯ ಪ್ರಯೋಗಕ್ಕೆ ಆರಿಸಿಕೊಂಡ ಎರಡು ಜಿಲ್ಲೆಗಳು ದಕ್ಷಿಣ ಕನ್ನಡ ಮತ್ತು ಚಾಮರಾಜನಗರ. ಮುಟ್ಟಾದ ಹುಡುಗಿಯನ್ನು ಹೊರಗೆ ಕೂರಿಸುವ ಮನೆಗಳಿರುವ ಸೀಮೆಯಲ್ಲಿ ಆ ವಿಷಯ ತರಗತಿಯೊಳಗೆ ಹೆಸರು ಹಿಡಿದು ಆಡುವ ಮಾತಾದದ್ದೇ ದೊಡ್ಡ ಸಂಗತಿ.

2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದಡಿ ಶಾಲಾ ಆರೋಗ್ಯ ಮತ್ತು ಸ್ವಾಸ್ಥ್ಯ ಕಾರ್ಯಕ್ರಮದ ಪಠ್ಯಕ್ರಮ ಬಿಡುಗಡೆಯಾಯಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಗಂಡಸು ಒಬ್ಬ ಹೆಂಗಸು, ಆರೋಗ್ಯ ರಾಯಭಾರಿಗಳು, ಮಕ್ಕಳು ಸಂದೇಶವಾಹಕರು, ಪೋಷಣೆಯಿಂದ ಹಿಡಿದು ಮನಸ್ಸಿನ ಆರೋಗ್ಯ, ಲಿಂಗ ಸಮಾನತೆ, ಅಂತರ್ಜಾಲದ ಸುರಕ್ಷಿತ ಬಳಕೆಯವರೆಗೆ 11 ವಿಷಯಗಳು, ವಾರಕ್ಕೊಂದು ಗಂಟೆ. ಹಿಂದಿನ ಯೋಜನೆಗಳಲ್ಲಿ ಆರೋಗ್ಯ ಇಲಾಖೆ ಮುಂದೆ, ಶಿಕ್ಷಕರು ಹಿಂದೆ. ಇಲ್ಲಿ ಶಿಕ್ಷಕರೇ ಮುಂದೆ.

ಆದರೂ ವಾರದ ಒಂದು ಗಂಟೆ ಎಂಬುದು ಮತ್ತೊಂದು ಪ್ರತ್ಯೇಕ ಪೆಟ್ಟಿಗೆಯಾಗುವ ಭಯವಿದೆ. ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಆ ಗಂಟೆಯನ್ನು ಬಿಸಿಯೂಟದ ಲೆಕ್ಕ, ದಾಖಲೆಗಳ ಕೆಲಸ, ಸಭೆಗಳು ನುಂಗುತ್ತವೆ. ಇರುವ ಪಾಠಗಳೊಳಗೇ ಆರೋಗ್ಯ ಸೇರಿದರೆ ಬೇರೆ ಗಂಟೆಯ ಹಂಗಿಲ್ಲ. ಇದಕ್ಕೆ ಬೇಕಾದ ಸಾಮಗ್ರಿ ಉಮ್ಮತ್ತೂರು ಸೀಮೆಯಲ್ಲಿ ತುಂಬಿದೆ. ರೇಷ್ಮೆ ಸಾಕುವ ಮನೆಯ ಮಗುವಿಗೆ ಹುಳುಮನೆಯೊಳಗೆ ಕೈಕಾಲು ತೊಳೆಯದೆ ಹೋಗಬಾರದು, ಒಂದು ತಟ್ಟೆಯ ರೋಗ ಇಡೀ ಬೆಳೆ ಕೆಡಿಸುತ್ತದೆ, ಕಾಯಿಲೆಯ ಹುಳುವನ್ನು ಕೂಡಲೇ ಬೇರ್ಪಡಿಸಬೇಕು ಎಂಬುದು ಎಳವೆಯಿಂದಲೇ ಗೊತ್ತು. ಸೋಂಕಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಶೇಕಡಾವಾರು ಕಲಿಸುವಾಗ ತರಗತಿಯ ಎತ್ತರ, ತೂಕದ ಅಂಕಿಗಳು. ಸಮಾಜ ವಿಜ್ಞಾನದಲ್ಲಿ ಊರಿನ ನೀರಿನ ಮೂಲಗಳ ನಕ್ಷೆ. ಕನ್ನಡದ ಪತ್ರಲೇಖನದಲ್ಲಿ ಚರಂಡಿ ದುರಸ್ತಿಗಾಗಿ ಪಂಚಾಯಿತಿಗೆ ಅರ್ಜಿ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾನೂನನ್ನು ಮಕ್ಕಳೇ ಹಗ್ಗ ಹಿಡಿದು ಅಳೆದು ನೋಡುವುದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದದ್ದು ಈ ಅರ್ಥದಲ್ಲಿಯೇ.

ಇಂಥ ಪಾಠ ಕಲಿಸಲು ಶಿಕ್ಷಕರಿಗೆ ಹೊಸ ಪುಸ್ತಕಕ್ಕಿಂತ ಜೊತೆಗಾರರು ಬೇಕು. ಆ ಜೊತೆಗಾರರು ಈಗ ಮೊದಲಿಗಿಂತ ಹತ್ತಿರ ಇದ್ದಾರೆ: ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿಯವರು, 2001ರಿಂದ ಪೋಷಕರನ್ನು ಒಳಗೊಂಡು ನಡೆಯುತ್ತಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, 2016ರಿಂದ ಜಿಲ್ಲಾ ಕೇಂದ್ರದಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜು. 1930ರ ದಶಕದಲ್ಲಿ ಜ್ವರಗೆಡ್ಡೆಯ ಅಂಕಿ ಎಣಿಸಿಕೊಂಡು ಹೋದವರು ಅವನ್ನು ಮೇಷ್ಟರಿಗೆ ಕೊಟ್ಟು ಹೋಗಲಿಲ್ಲ. ಇಂದು ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ತಂಡ ಶಾಲೆಯಲ್ಲೇ ದಾಖಲೆ ಮಾಡುತ್ತದೆ. ಯಾವ ಮಗುವಿಗೆ ಕನ್ನಡಕ ಬೇಕು, ಯಾರಿಗೆ ರಕ್ತ ಕಡಿಮೆ, ಯಾರ ಹಲ್ಲು ಹುಳುಕು ಎಂಬುದು ಮುಖ್ಯಶಿಕ್ಷಕರ ಮೇಜಿನ ಮೇಲೇ ಇರುತ್ತದೆ. ಹೆಸರುಗಳನ್ನು ಗುಟ್ಟಾಗಿಟ್ಟು ಅಂಕಿಗಳನ್ನಷ್ಟೇ ಕಪ್ಪುಹಲಗೆಯ ಮೇಲೆ ಬರೆದರೆ, ಮರುದಿನದ ಲೆಕ್ಕದ ಪಾಠ ಅಲ್ಲಿಂದಲೇ ಶುರುವಾಗಬಹುದು.